ಅಟ್ಟದಲ್ಲಿ ಸಿಕ್ಕ ಚರ್ಮದ ಹೊಲಿಗೆ ಮಿಷನ್, ಇದು ಯಾವುದು?

ಪ್ರಶ್ನೆ (ಮಡಿಕೇರಿ): ತೋಟದ ಮನೆ ಅಟ್ಟದಲ್ಲಿ ಹಳೇ ಸಿಂಗರ್ ಮಿಷನ್ ಸಿಕ್ಕಿದೆ, ತಾತ ಇದರಲ್ಲೇ ಕೋವಿಯ ಚರ್ಮದ ಪಟ್ಟಿ ಹೊಲಿಯುತ್ತಿದ್ದರಂತೆ. ಕೆಳಗಿನ ತೋಳು ಉದ್ದ, ತೀರಾ ಸಣ್ಣ. ಪ್ಲೇಟಿನಲ್ಲಿ 29ಕೆ ಅಂತಷ್ಟೇ ಕಾಣುತ್ತದೆ. ಮಳೆಗಾಲದ ತೇವಕ್ಕೆ ಚಕ್ರ ಜಾಮ್.

ಉತ್ತರ: ಅದು ಶೂ ರಿಪೇರಿಯವರ ಮಿಷನ್. ‘ಕೆ’ ಅಂದರೆ ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆ, 1980ರಲ್ಲಿ ಮುಚ್ಚಿತು. ಸೂಜಿ ಪಕ್ಕದ ಪಾದ ಸುತ್ತಲೂ ತಿರುಗುತ್ತಾ ನೋಡಿ. ಚರ್ಮ ಎಳೆಯುವುದೂ ಅದೇ, ಕೆಳಗೆ ಹಲ್ಲು ಇರಲ್ಲ.

ಇನ್ನೊಬ್ಬರು: ಚಕ್ರ ಜೋರಾಗಿ ತಿರುಗಿಸಬೇಡಿ! ಸಂದುಗಳಿಗೆ ಸೀಮೆಎಣ್ಣೆ ಬಿಟ್ಟು ಎರಡು ದಿನ ಸುಮ್ನೆ ಬಿಡಿ, ಆಮೇಲೆ ಮಿಷನ್ ಎಣ್ಣೆ. ಬಂಗಾರದ ಬಣ್ಣದ ಚಿತ್ತಾರಕ್ಕೆ ಉಪ್ಪುಕಾಗದ ತಾಗಿಸಬೇಡಿ, ನಾನು ಹಾಗೇ ಒಂದನ್ನು ಬೋಳು ಮಾಡಿದ್ದೇನೆ.

ಪ್ರಶ್ನೆ ಕೇಳಿದವರು: ಪಾದ ತಿರುಗಿತು! ಒಳಗಿಂದ ಒಣಗಿದ ಜೇಡ ಬಿತ್ತು.