ಎರಡನೇ ಲಿಥಿಯಂ ಬ್ಯಾಟರಿ ಜೋಡಿಸಿದ ಮೇಲೆ ಟ್ರಿಪ್ ಆಗ್ತಿದೆ, ಯಾರಿಗಾದರೂ ಹೀಗಾಗಿದೆಯಾ?

ರಾಯಚೂರು, ಕೇಳಿದವರು:
ಮನೆ ಮೇಲೆ ಸೋಲಾರ್, ಕೆಳಗೆ ಹೈಬ್ರಿಡ್ ಇನ್ವರ್ಟರ್, 51.2 ವೋಲ್ಟ್ 100 ಎಎಚ್ ಲಿಥಿಯಂ ಬ್ಯಾಟರಿ ಒಂದು. ಎರಡು ವರ್ಷ ಏನೂ ತೊಂದರೆ ಇರಲಿಲ್ಲ. ಅಪ್ಪನಿಗೆ ಈಗ ರಾತ್ರಿ ಆಕ್ಸಿಜನ್ ಮಷಿನ್ ಬೇಕು, ಈ ಬಿಸಿಲಿಗೆ ಎಸಿಯೂ ಬೇಕು. ಅದಕ್ಕೆ ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದು ಬ್ಯಾಟರಿ ತಂದೆವು. ಅಂಗಡಿ ಹುಡುಗ ಜೋಡಿಸಿ ಹೋದ. ಬ್ರೇಕರ್ ಎತ್ತಿದ ಕೂಡಲೇ ಹಳೇದರಲ್ಲಿ ಕೆಂಪು ದೀಪ ಬಂದು ಆಫ್ ಆಗುತ್ತದೆ. ನಾಲ್ಕೈದು ಸಲ ಹಾಕಿದರೆ ನಿಲ್ಲುತ್ತದೆ. ಆದರೆ ಸ್ಕ್ರೀನ್ ಮೇಲೆ ಒಂದೇ ಬ್ಯಾಟರಿ ಕಾಣುತ್ತದೆ. ಸಂಜೆ ಎಸಿ ಹಾಕಿದರೆ ಮತ್ತೆ ಟ್ರಿಪ್. ಅಂಗಡಿಯವರು ಹಳೇದನ್ನೂ ಬದಲಾಯಿಸಿ ಅಂತಾರೆ. ಅಷ್ಟು ದುಡ್ಡು ಈಗ ಕೈಯಲ್ಲಿಲ್ಲ. ಗೊತ್ತಿದ್ದವರು ಹೇಳಿ.

ಸಿಂಧನೂರು:
ಮೊದಲು ಅಪ್ಪನ ವಿಷಯ ನೋಡೋಣ ತಮ್ಮಾ. ಇವತ್ತು ರಾತ್ರಿ ಹೊಸದನ್ನು ಬಿಚ್ಚಿಡಿ, ಹಳೇದೊಂದೇ ಇರಲಿ. ತುಂಬಿದರೆ ಅದರಲ್ಲಿ ಐದು ಯೂನಿಟ್ ಇರುತ್ತದೆ. ಐದು ಲೀಟರಿನ ಆಕ್ಸಿಜನ್ ಮಷಿನ್ 350 ವ್ಯಾಟ್ ಎಳೆದರೂ ಎಂಟು ಗಂಟೆಗೆ ಮೂರು ಯೂನಿಟ್ ದಾಟಲ್ಲ. ಎಸಿ ಹಾಕಬೇಡಿ. ತುಂಬಿದ ಸಿಲಿಂಡರ್ ಒಂದು ಮಂಚದ ಪಕ್ಕ ಇಟ್ಟುಕೊಳ್ಳಿ.

ಇನ್ನು ಕೆಂಪು ದೀಪ. ಹೋದ ಬೇಸಿಗೆಯಲ್ಲಿ ನಮ್ಮಲ್ಲೂ ಹೀಗೇ ಆಯಿತು. ಮಲ್ಟಿಮೀಟರ್ ಹಿಡಿದು ನೋಡಿದರೆ ಹಳೇದು 53.6, ಹೊಸದು 52.1. ಒಂದೂವರೆ ವೋಲ್ಟ್ ಏನು ಮಹಾ ಅನಿಸುತ್ತದೆ ಅಲ್ವಾ? ಎರಡು ಬ್ಯಾಟರಿ, ಕೇಬಲ್ ಎಲ್ಲ ಸೇರಿ ತಡೆ 30 ಮಿಲಿಓಮ್ ಅಂತ ಹಿಡಿಯಿರಿ. ಆ ಒಂದೂವರೆ ವೋಲ್ಟ್‌ಗೇ 50 ಆಂಪಿಯರ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. ಇನ್ವರ್ಟರ್ ಒಳಗಿನ ಕೆಪಾಸಿಟರ್ ಖಾಲಿ ಇದ್ದರೆ ಅದೂ ಒಮ್ಮೆಲೇ ಎಳೆಯುತ್ತದೆ. ಬ್ಯಾಟರಿ ಒಳಗಿನ ಕಾವಲು ಸರ್ಕ್ಯೂಟ್, ಅಂದರೆ ಬಿಎಂಎಸ್, ಹೆದರಿ ಬಾಗಿಲು ಹಾಕಿಕೊಳ್ಳುತ್ತದೆ. ಇಷ್ಟಕ್ಕೇ ಹಳೇ ಬ್ಯಾಟರಿ ಹೋಯಿತು ಅನ್ನಬೇಡಿ.

ವೋಲ್ಟೇಜ್ ಒಂದೇ ಇದೆ ಅಂತ ನಂಬುವಂತೆಯೂ ಇಲ್ಲ. ಈ ಬಗೆಯ ಲಿಥಿಯಂನಲ್ಲಿ ಅರ್ಧ ತುಂಬಿದ್ದಕ್ಕೂ ಮುಕ್ಕಾಲು ತುಂಬಿದ್ದಕ್ಕೂ ನಡುವೆ ವೋಲ್ಟೇಜ್ ವ್ಯತ್ಯಾಸ ತೀರಾ ಕಡಿಮೆ. ಅದಕ್ಕೆ ಎರಡನ್ನೂ ಪೂರ್ತಿ ತುಂಬಿಸಿಯೇ ಜೋಡಿಸಬೇಕು. ಒಂದು ದಿನ ಹಳೇದೊಂದನ್ನೇ ಇನ್ವರ್ಟರಿಗೆ ಕೊಟ್ಟು ನೂರಕ್ಕೆ ನೂರು ತುಂಬಿಸಿ. ಮಾರನೇ ದಿನ ಹೊಸದೊಂದನ್ನೇ. ಒಂಟಿಯಾಗಿ ಓಡಿಸಿದಾಗ ಹೊಸದು ಸರಿಯಿದೆಯೋ ಇಲ್ಲವೋ ಅನ್ನುವುದೂ ತಿಳಿಯುತ್ತದೆ. ಆಮೇಲೆ ಎರಡಕ್ಕೂ ಒಂದೆರಡು ಗಂಟೆ ವಿಶ್ರಾಂತಿ ಕೊಟ್ಟು ಅಳೆಯಿರಿ. ಎರಡರ ವ್ಯತ್ಯಾಸ 0.1 ವೋಲ್ಟ್ ಒಳಗೆ ಬಂದರೆ ಸೇರಿಸಿ. ಬ್ರೇಕರ್, ಸೋಲಾರ್, ಕರೆಂಟು ಮೂರೂ ಆಫ್ ಮಾಡಿಯೇ ಕೈ ಹಾಕಿ. ಉಂಗುರ ತೆಗೆದಿಡಿ, ಸ್ಪ್ಯಾನರ್ ಹಿಡಿಗೆ ಟೇಪ್ ಸುತ್ತಿ. ಕೈ ಪಳಗದಿದ್ದರೆ ಎಲೆಕ್ಟ್ರಿಷಿಯನ್ ಪಕ್ಕದಲ್ಲಿರಲಿ.

ಗಂಗಾವತಿ:
ಸ್ಕ್ರೀನ್ ಮೇಲೆ ಒಂದೇ ಕಾಣೋದು ಬೇರೆ ತೊಂದರೆ. ಬ್ಯಾಟರಿ ಮುಂದೆ ಸಣ್ಣ ಬಿಳಿ ಸ್ವಿಚ್‌ಗಳ ಸಾಲು ಇರುತ್ತದೆ, ಡಿಪ್ ಸ್ವಿಚ್ ಅಂತಾರೆ. ನಮ್ಮ ಮನೆಯವರು ಟಾರ್ಚ್ ಹಿಡಿದು ನೋಡಿದರೆ ಎರಡರಲ್ಲೂ ಒಂದೇ ನಂಬರ್ ಇತ್ತು! ಒಂದೇ ಹೆಸರಿನ ಇಬ್ಬರನ್ನು ಕೂಗಿದ ಹಾಗೆ. ಪುಸ್ತಕ ನೋಡಿ ಬೇರೆ ಬೇರೆ ಮಾಡಿ. ಸ್ವಿಚ್ ಬದಲಿಸಿದ ಮೇಲೆ ಎರಡನ್ನೂ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಇಲ್ಲಾಂದ್ರೆ ಹಳೇ ನಂಬರೇ ಉಳಿಯುತ್ತದೆ. ಬ್ಯಾಟರಿಗಳು ಮಾತಾಡಿಕೊಳ್ಳುವ ಸಣ್ಣ ಕೇಬಲ್ ಕೂಡ ಬಾಕ್ಸಿನಲ್ಲಿ ಬಂದದ್ದೇ ಹಾಕಿ. ನೋಡೋಕೆ ಇಂಟರ್ನೆಟ್ ಕೇಬಲ್ ಥರಾನೇ ಇರುತ್ತದೆ, ಒಳಗೆ ತಂತಿಗಳ ಸಾಲು ಬೇರೆ ಇರಬಹುದು.

ಬಳ್ಳಾರಿ:
ಸಂಜೆ ಟ್ರಿಪ್ ಆಗೋದಕ್ಕೆ ನನ್ನ ಅನುಭವ. ನಮ್ಮಲ್ಲಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದಾಗ ಹಳೇದರಿಂದ 58 ಆಂಪಿಯರ್, ಹೊಸದರಿಂದ 19. ಎರಡು ಎತ್ತು ಕಟ್ಟಿ ಒಂದರ ಹೆಗಲಿಗೇ ಭಾರ. ಹೊಸದರ ಪ್ಲಸ್ ಬೋಲ್ಟ್ ಬಿಚ್ಚಿದೆ. ಕೆಂಪು ಸ್ಲೀವ್ ತುದಿ ಕಂದಾಗಿ ಸುಕ್ಕುಗಟ್ಟಿತ್ತು. ಸ್ಟೀಲ್ ವಾಷರ್ ಟರ್ಮಿನಲ್‌ಗೂ ಕೇಬಲ್ ತುದಿಯ ಲೋಹದ ಬಳೆಗೂ, ಅಂದರೆ ಲಗ್‌ಗೂ, ನಡುವೆ ಕೂತಿತ್ತು. ಸ್ಟೀಲಿನಲ್ಲಿ ಕರೆಂಟು ಸರಾಗವಾಗಿ ಹರಿಯಲ್ಲ. ಲಗ್ ಟರ್ಮಿನಲ್‌ಗೇ ತಾಗಬೇಕು, ವಾಷರ್ ಅದರ ಮೇಲೆ. ಅಲ್ಲಿ ಬರೀ ಒಂದು ಮಿಲಿಓಮ್ ಹೆಚ್ಚಾದರೂ 100 ಆಂಪಿಯರಿಗೆ ಆ ಚುಕ್ಕೆಯಲ್ಲೇ 10 ವ್ಯಾಟ್ ಬಿಸಿ.

ಕೇಬಲ್ ಎರಡಕ್ಕೂ ಒಂದೇ ಉದ್ದ, ಒಂದೇ ದಪ್ಪ ಇರಲಿ. ಇನ್ವರ್ಟರಿಗೆ ಪ್ಲಸ್ ಒಂದು ಬ್ಯಾಟರಿಯಿಂದ, ಮೈನಸ್ ಇನ್ನೊಂದರಿಂದ ತೆಗೆದರೆ ಭಾರ ಸಮನಾಗಿ ಹಂಚುತ್ತದೆ. ಬ್ಯಾಟರಿ ತಗಡಿನ ಶೀಟ್ ಕೆಳಗಿದ್ದರೆ ದಯವಿಟ್ಟು ಒಳಗೆ ತನ್ನಿ. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿಗೆ ಶೀಟ್ ಕೆಳಗೆ ಕಾವು ಏರಿ ಬಿಎಂಎಸ್ ಚಾರ್ಜಿಂಗ್ ನಿಲ್ಲಿಸಿಬಿಡುತ್ತದೆ.

ರಾಯಚೂರು, ಕೇಳಿದವರು:
ಎಲ್ಲರಿಗೂ ಕೈ ಮುಗಿದೆ. ಎರಡು ರಾತ್ರಿ ಹಳೇದೊಂದರಲ್ಲೇ ಅಪ್ಪನ ಮಷಿನ್ ನಿಲ್ಲದೆ ಓಡಿತು. ಅಳೆದಾಗ ಹಳೇದು 53.4, ಹೊಸದು 52.2 ಇತ್ತು. ಎರಡೂ ತುಂಬಿಸಿ ಇವತ್ತು ಮಧ್ಯಾಹ್ನ ಸೇರಿಸಿದೆ, ಬ್ರೇಕರ್ ಮೊದಲ ಸಲಕ್ಕೇ ನಿಂತಿತು. ಅಕ್ಕಾ, ಡಿಪ್ ಸ್ವಿಚ್ ಎರಡರಲ್ಲೂ ಒಂದೇ ಥರ ಇತ್ತು. ಬದಲಿಸಿದ ಮೇಲೆ ಎರಡೂ ಕಾಣುತ್ತಿವೆ. ಬಳ್ಳಾರಿ ಅಣ್ಣ, ವಾಷರ್ ಲಗ್ ಕೆಳಗೇ ಇತ್ತು. ಈಗ ಎಸಿ ಹಾಕಿ ಒಂದು ಗಂಟೆಯಾಯಿತು, 16 ಮತ್ತು 15 ಆಂಪಿಯರ್ ತೋರಿಸುತ್ತಿದೆ.