ಮಂಡಿ ಆಪರೇಷನ್ ನಂತರ ನೋವು ಮರೆಯಲು ವಿಆರ್: ಹಾಕಿಕೊಂಡರೆ ತಲೆ ಸುತ್ತುತ್ತಿದೆ

ಮುಗಿಲು:
ಅಮ್ಮನಿಗೆ ಮಂಡಿ ಕೀಲು ಬದಲಿಸಿದ್ದಾರೆ. ಈಗ ಮನೆಯಲ್ಲಿದ್ದಾರೆ. ಕಾಲು ಮಡಚುವ ವ್ಯಾಯಾಮ ಅಂದರೆ ಜೀವ ಹೋಗುವಷ್ಟು ನೋವು. ಗಮನ ಬೇರೆ ಕಡೆ ಹೋಗಲಿ ಅಂತ ಕ್ವೆಸ್ಟ್ 2 ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೊಂದು ಲೋಕವೇ ಇದ್ದಂತೆ ತೋರಿಸುವ ಸಾಧನ) ಹಾಕಿ, ಮಲಗಿದಲ್ಲೇ ರೋಲರ್ ಕೋಸ್ಟರ್ ತೋರಿಸಿದೆ. ಸ್ವಲ್ಪ ಹೊತ್ತಿಗೇ ವಾಕರಿಕೆ ಬಂತು. ಚಿತ್ರವೂ ಮಸುಕು ಅನ್ನುತ್ತಾರೆ. ಹೆಡ್‌ಸೆಟ್ ಕೆಟ್ಟಿದೆಯಾ?

ತಂತಿಮನೆ:
ಕೆಟ್ಟಿರಲಾರದು. ಓಡುತ್ತಿದ್ದೇವೆ ಅಂತ ಕಣ್ಣು ಹೇಳುತ್ತದೆ, ಸಮತೋಲನ ನೋಡಿಕೊಳ್ಳುವ ಒಳಗಿವಿ ಇಲ್ಲ ಅನ್ನುತ್ತದೆ. ವಾಕರಿಕೆ ಅದಕ್ಕೇ. ರೋಲರ್ ಕೋಸ್ಟರ್ ಮೊದಲು ಬಿಡಿ. ಕೆಲವು ನೋವಿನ ಮಾತ್ರೆಗಳಿಂದಲೂ ವಾಕರಿಕೆ ಬರುತ್ತದೆ, ಹೆಡ್‌ಸೆಟ್ ಇಲ್ಲದಾಗಲೂ ಆಗುತ್ತದಾ ಕೇಳಿ ನೋಡಿ.

ಮಸುಕಿಗೆ ಎರಡು ಲೆನ್ಸ್‌ಗಳ ನಡುವಿನ ಅಂತರ ಕಾರಣ ಇರಬಹುದು. ಕ್ವೆಸ್ಟ್ 2ರಲ್ಲಿ 58, 63, 68 ಮಿಲಿಮೀಟರ್ ಅಂತ ಮೂರು ಜಾಗ ಇವೆ. ಲೆನ್ಸ್ ಕೈಯಲ್ಲೇ ಸರಿಸಿ, ಅಕ್ಷರ ಎಲ್ಲಿ ಸ್ಪಷ್ಟವೋ ಅಲ್ಲಿ ಬಿಡಿ. ಹಿಂದಿನ ಪಟ್ಟಿ ತಲೆಯ ಕೆಳಭಾಗಕ್ಕೆ ಬರಬೇಕು, ಇಲ್ಲದಿದ್ದರೆ ಅರ್ಧ ಕೆಜಿ ಭಾರ ಮುಖದ ಮೇಲೆ ಬೀಳುತ್ತದೆ.

ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ. ಕೂತ ಮೇಲೆ ಬಲಗೈ ಕಂಟ್ರೋಲರ್‌ನ ಆಕ್ಯುಲಸ್ ಬಟನ್ (ಈಗ ಮೆಟಾ ಬಟನ್ ಅನ್ನುತ್ತಾರೆ) ಒತ್ತಿ ಹಿಡಿದರೆ ನೋಟ ಎದುರಿಗೆ ಬರುತ್ತದೆ. ನಾವು ಒಂದೇ ಕಡೆ ಇದ್ದು, ಕೈಗೆ ಕೆಲಸ ಸಿಗುವ ಆಟ ಹುಡುಕಿ. ಸುಟ್ಟ ಗಾಯದವರಿಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್ಸನ್ ರೂಪಿಸಿದ ಸ್ನೋವರ್ಲ್ಡ್ ಅನ್ನುವ ವಿಆರ್ ಆಟದಲ್ಲೂ ರೋಗಿ ಹಿಮದುಂಡೆ ಎಸೆಯಬೇಕಿತ್ತು. ಕೈ, ಕಣ್ಣು ಎರಡೂ ತೊಡಗಿದರೆ ನೋವಿಗೆ ಸಿಗುವ ಗಮನ ಕಡಿಮೆಯಾಗುತ್ತದೆ. ಸುಮ್ನೆ ನೋಡುವುದಕ್ಕಿಂತ ಇದು ಜಾಸ್ತಿ ಹಿಡಿಸುತ್ತದೆ ಅಂತ ನನ್ನ ಅನಿಸಿಕೆ.

ಮುಗಿಲು:
ಲೆನ್ಸ್ 58ಕ್ಕೆ ತಂದೆ, ಈಗ ಸ್ಪಷ್ಟ! ಬಲೂನ್ ಒಡೆಯುವ ಆಟ ಕೊಟ್ಟೆ, ವಾಕರಿಕೆ ಇಲ್ಲ. ಆದರೆ ಆಟದ ಗುಂಗಿನಲ್ಲಿ ಕಾಲು ಜಾಸ್ತಿ ಮಡಚಿಬಿಟ್ಟರೆ? ಹಾಗೇ, ಮಾತ್ರೆ ನಿಲ್ಲಿಸಬಹುದಾ?

ಹೆಜ್ಜೆ:
ನಾನು ಫಿಸಿಯೋಥೆರಪಿಸ್ಟ್. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ವ್ಯಾಯಾಮಕ್ಕೆ ಮುಂಚೆ ಯಾವಾಗ ತೆಗೆದುಕೊಳ್ಳಬೇಕು ಅಂತ ಡಾಕ್ಟರನ್ನು ಕೇಳಿ. ವಿಆರ್ ಮಾತ್ರೆಯ ಜೊತೆಗೆ, ಅದರ ಬದಲಿಗಲ್ಲ.

ಎಷ್ಟು ಮಡಚಬೇಕು ಅನ್ನುವುದನ್ನು ನಿಮ್ಮ ಫಿಸಿಯೋ ಹೇಳಲಿ, ಆಟ ಹೇಳುವುದು ಬೇಡ. ನೀವು ಪಕ್ಕದಲ್ಲೇ ಇದ್ದು ಕಾಲು ನೋಡಿಕೊಳ್ಳಿ. ಅಮ್ಮ "ಸಾಕು" ಅಂದರೆ ಅಲ್ಲಿಗೇ ನಿಲ್ಲಿಸಿ. ಹೆಡ್‌ಸೆಟ್ ಹಾಕಿಕೊಂಡು ನಿಲ್ಲುವುದು, ನಡೆಯುವುದು ಖಂಡಿತ ಬೇಡ. ಫಿಟ್ಸ್ ಬಂದಿದ್ದವರಿಗೆ ಡಾಕ್ಟರನ್ನು ಕೇಳದೆ ವಿಆರ್ ಹಾಕಲೇಬೇಡಿ.

ಮೀನಖಂಡ ಊದಿ ನೋವು ಬಂದರೆ, ಗಾಯ ಕೆಂಪಾಗಿ ಕೀವು ಸೋರಿದರೆ, ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.