ಸಹಾಯ ಬೇಕು: ದಾವಣಗೆರೆ ಹಳೇ ಪೇಟೆ ಮನೇಲಿ ಸಿಕ್ಕಿರೋ ಮೋಡಿ ಲಿಪಿ ಕಾಗದ ಓದೋರು

ಎಲ್ರಿಗೂ ನಮಸ್ಕಾರ. ಹಳೇ ಪೇಟೆಲಿರೋ ನಮ್ಮ ಅಜ್ಜನ ಕಾಲದ ತೊಟ್ಟಿ ಮನೆ ಇನ್ನೇನು ಬೀಳಿಸ್ತಾರೆ, ಭಾಗ ಆಗಿದೆ ಅದಕ್ಕೆ ನಾನೇನೂ ಮಾಡೋಕಾಗಲ್ಲ. ಆದ್ರೆ ಅಟ್ಟ ಖಾಲಿ ಮಾಡುವಾಗ ಕೆಂಪು ಬಟ್ಟೇಲಿ ಕಟ್ಟಿಟ್ಟ ಒಂದು ದಫ್ತರ ಸಿಕ್ತು, ಅಂಚೆಲ್ಲ ಹುಳ ತಿಂದಿದೆ, ಮಧ್ಯದ ಶಾಯಿ ಮಾತ್ರ ಇನ್ನೂ ಕಪ್ಪಗೆ ಹೊಳೀತಿದೆ, ಸಾಲಿನ ಮೇಲೆ ಉದ್ದಕ್ಕೂ ಗೆರೆ, ಅಕ್ಷರ ಎಲ್ಲಾ ಒಂದಕ್ಕೊಂದು ಅಂಟ್ಕೊಂಡಿವೆ. ನೋಡಿದೋರು ಮೋಡಿ ಅಂದ್ರು, ಅಂದ್ರೆ ಹಿಂದೆ ಮರಾಠಿ ಬರೆಯೋಕೆ ಬಳಸ್ತಿದ್ದ ಲಿಪಿ.

ನಂಗ್ಯಾಕೆ ಇಷ್ಟು ಆಸೆ ಅಂದ್ರೆ, ದಾವಣಗೆರೆ ಮೊದ್ಲು ಬೇತೂರಿನ ಪಕ್ಕದ ಸಣ್ಣ ಹಳ್ಳಿ ಅಷ್ಟೇ, ಹೈದರಾಲಿ ಇದನ್ನ ಅಪೋಜಿರಾಮ್ ಅನ್ನೋ ಮರಾಠಾ ಸರದಾರನಿಗೆ ಜಾಗೀರು ಕೊಟ್ಟ, ಆತ ವ್ಯಾಪಾರಿಗಳನ್ನ ಕರೆಸಿ ನೆಲೆ ನಿಲ್ಲಿಸಿದ, ಅವನಿಗೆ ವಾರಸುದಾರರಿರ್ಲಿಲ್ಲ ಆದ್ರೂ ಪೇಟೆ ಬೆಳೀತಾನೇ ಹೋಯ್ತು ಅಂತ ಗೆಜೆಟಿಯರ್‌ನಲ್ಲೇ ಇದೆ. (ಬೆಣ್ಣೆದೋಸೆ ಬಿಟ್ಟು ಊರಿನ ಬಗ್ಗೆ ಯಾರೂ ಮಾತಾಡಲ್ಲ ಬಿಡಿ.) ನಮ್ಮ ಕಾಗದ ಅಷ್ಟು ಹಳೇದು ಅಂತ ಹೇಳ್ತಿಲ್ಲ, ಬರೀ ಸಾಲದ ಲೆಕ್ಕಾನೂ ಇರಬಹುದು, ಹತ್ತಿ ವ್ಯಾಪಾರದ್ದೋ ಏನೋ.

ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆ ಮೋಡಿ ಓದೋಕೆ ಬರೋರು ಯಾರಾದ್ರೂ ಇದ್ರೆ ಇಲ್ಲೇ ಕಾಮೆಂಟ್ ಮಾಡಿ, ಫೋಟೋ ಕಳಿಸ್ತೀನಿ. ಲ್ಯಾಮಿನೇಷನ್ ಮಾಡ್ಸು ಅಂತ ದಯವಿಟ್ಟು ಹೇಳ್ಬೇಡಿ, ಅದು ಹಳೇ ಕಾಗದಾನ ಹಾಳು ಮಾಡುತ್ತೆ. ಗಜಲಕ್ಷ್ಮಿ ಕೆತ್ತಿರೋ ಬಾಗಿಲ ಚೌಕಟ್ಟೂ ಇದೆ, ಗುಜರಿಗೆ ಹೋಗೋ ಮೊದ್ಲು ಯಾವ್ದಾದ್ರೂ ಮ್ಯೂಸಿಯಂನೋರು ತಗೋತಾರಾ?